ಪ್ಲಗ್ಗಿಗೆ ಟೇಪು ಸುತ್ತಿದ ಸೋದರಮಾವ

ಗುಬ್ಬಿಯ ಗುಂಡಯ್ಯನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಥರದ ಜನ. ಸೋರುವವರು, ಸೋರುವುದನ್ನು ನಿಲ್ಲಿಸುವವರು. ಎರಡನೆಯ ಗುಂಪಿನಲ್ಲಿ ಗುಂಡಯ್ಯ ಒಬ್ಬನೇ ಇದ್ದ. ಮಿಕ್ಕವರೆಲ್ಲ, ಕಟ್ಟಿಕೊಂಡ ಹೆಂಡತಿಯೂ ಸೇರಿದಂತೆ, ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತಲೇ ಇರುವವರು. ಅವರನ್ನು ಕಂಡಾಗಲೆಲ್ಲ ಅವನ ಮೂಗಿನ ಹೊಳ್ಳೆ ಅಗಲವಾಗಿ, ಬಾಯಿಂದ ‘ತೂ’ ಎಂಬ ಸಣ್ಣ ಸದ್ದು ಹೊರಡುತ್ತಿತ್ತು. ಅದು ಎಷ್ಟು ರೂಢಿಯಾಗಿತ್ತೆಂದರೆ ದೇವರಿಗೆ ಕೈಮುಗಿಯುವಾಗಲೂ ಒಮ್ಮೊಮ್ಮೆ ಬಂದುಬಿಡುತ್ತಿತ್ತು.

ಊರಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು ಅವನು. ಬೀದಿಯ ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲ್ವು ತಿರುಗಿಸಿದರೆ ಆ ಬೀದಿಗೆ ನೀರು, ತಿರುಗಿಸದಿದ್ದರೆ ಇಲ್ಲ. ಇಷ್ಟೇ ಕೆಲಸ. ಆದರೆ ಬೆಳಗಾಗೆದ್ದು ಬಿಂದಿಗೆ ಹಿಡಿದು ನಿಂತ ಜನ ‘ಗುಂಡಣ್ಣ, ಗುಂಡಣ್ಣ’ ಎಂದು ಹಲ್ಲು ಗಿಂಜುವುದನ್ನು ವರ್ಷಗಟ್ಟಲೆ ನೋಡಿದವನಿಗೆ ತಲೆ ನೆಟ್ಟಗಿರುವುದಾದರೂ ಹೇಗೆ? ಕೆಲಸ ಮುಗಿಯಿತು, ಕೀಲಿ ಬೇರೊಬ್ಬನ ಕೈಗೆ ಹೋಯಿತು. ಗತ್ತು ಮಾತ್ರ ಮನೆಗೆ ಬಂತು.

ಮನೆಯಲ್ಲಿ ಏನೇ ಕೆಟ್ಟರೂ ರಿಪೇರಿಯವನು ಹೊಸಿಲು ತುಳಿಯುವಂತಿರಲಿಲ್ಲ. ಮಿಕ್ಸಿ, ಫ್ಯಾನು, ಸ್ಟೌವು, ಎಲ್ಲವನ್ನೂ ಗುಂಡಯ್ಯನೇ ಬಿಚ್ಚುತ್ತಿದ್ದ. ಬಿಚ್ಚಿದ ಮಿಕ್ಸಿ ಮತ್ತೆ ಮಿಕ್ಸಿಯಾದ ಉದಾಹರಣೆಗಳು ಕಡಿಮೆ. ಹೆಂಡತಿ ಹನುಮಕ್ಕ ಹಿತ್ತಿಲ ಒರಳಿನಲ್ಲಿ ಖಾರ ರುಬ್ಬುವುದನ್ನು ಮರೆಯದೆ ಇದ್ದದ್ದು ಈ ಕಾರಣಕ್ಕೆ. ಈ ಮಹಾನುಭಾವನ ವೈದ್ಯದಲ್ಲಿ ಇದ್ದ ಔಷಧ ಎರಡೇ: ಒಂದು, ನಲ್ಲಿಗೆ ಹಾಕುವ ರಬ್ಬರ್ ವಾಷರ್ರು, ಇನ್ನೊಂದು, ಪೈಪು ಕೂಡಿಸುವಾಗ ನೀರು ಒಸರದಂತೆ ಥ್ರೆಡ್ಡಿಗೆ ಸುತ್ತುವ ತೆಳ್ಳನೆಯ ಬಿಳಿ ಟೇಪು. ಬೋರ್‌ವೆಲ್ಲುಗಳ ಈ ಸೀಮೆಯಲ್ಲಿ ಆ ಟೇಪು ಇಲ್ಲದ ಮನೆಯಿಲ್ಲ, ನಿಜ. ಆದರೆ ಮುರಿದ ಕನ್ನಡಕದ ಕಡ್ಡಿಗೂ, ಹನುಮಕ್ಕನ ಸಡಿಲವಾದ ಓಲೆಯ ತಿರುಪಿಗೂ ಅದನ್ನೇ ಸುತ್ತಿದವನು ಇಡೀ ಗುಬ್ಬಿಗೆ ಗುಂಡಯ್ಯನೊಬ್ಬನೇ ಇರಬೇಕು.

ಅವನ ಇನ್ನೊಂದು ಗೀಳು ಸ್ಪೇರು. ಟ್ರಂಕಿನ ತುಂಬ ಸ್ಪೇರು ನಲ್ಲಿ, ಸ್ಪೇರು ಬೀಗ, ಸ್ಪೇರು ಬಲ್ಬು. ಪ್ರಯಾಣ ಹೊರಟರೆ ಸ್ಪೇರು ಚಪ್ಪಲಿ. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಸಿಗುತ್ತಿದ್ದದ್ದು ಇದೇ ಉಪದೇಶ. “ಯಾವುದ್ನೂ ನಂಬ್ಬಾರ್ದು. ಒಂದು ಕೈ ಕೊಟ್ರೆ ಇನ್ನೊಂದು ರೆಡಿ ಇರ್ಬೇಕು. ಸ್ಪೇರ್ ಇಲ್ದೋನು ಮನುಷ್ಯನೇ ಅಲ್ಲ.” ಕೇಳಿದವರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಮನಸ್ಸಿಟ್ಟು ಕೇಳಿಸಿಕೊಂಡದ್ದು ಒಬ್ಬಳೇ, ಅವನ ತಂಗಿ ನರಸಿಂಹಮ್ಮ.

ಈ ನರಸಿಂಹಮ್ಮನನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಅಣ್ಣನೇ ನಿಂತು ಮಾಡಿದ ಮದುವೆ ಅದು. ಆವತ್ತು ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಯಾರೋ ಮುದುಕ, “ಹುಡುಗಿ ಅಣ್ಣ ಏನ್ ಮಾಡ್ತಾನೆ?” ಎಂದು ಕೇಳಿದ್ದಕ್ಕೆ ಇನ್ನೊಬ್ಬ, “ಗುಬ್ಬೀಲಿ ನಲ್ಲಿ ತಿರುಗುಸ್ತಾನಂತೆ” ಎಂದು ಹೇಳಿ ಇಬ್ಬರೂ ಮಜ್ಜಿಗೆ ಕುಡಿಯುತ್ತ ನಕ್ಕಿದ್ದರು. ಬಡಿಸುತ್ತಿದ್ದ ಗುಂಡಯ್ಯನ ಕಿವಿಗೆ ಅದು ಬಿದ್ದಿತ್ತು. ಆ ಮುದುಕ ಸತ್ತು ಹೋದ, ಇನ್ನೊಬ್ಬನೂ ಹೋದ. ಗುಂಡಯ್ಯನಿಗೆ ಮಾತ್ರ ಕುಣಿಗಲ್ ಎಂದರೆ ಇಂದಿಗೂ ಆ ನಗೆಯೇ.

ಅದಕ್ಕೆ ಉತ್ತರ ಕೊಡುವ ದಿನ ಈಗ ಬಂದಿತ್ತು. ನರಸಿಂಹಮ್ಮನ ಮಗಳು ಸುಶ್ಮಿತಾಳ ಮದುವೆ. ಹುಡುಗಿಯ ಹಣೆಗೆ ಬಾಸಿಂಗ ಕಟ್ಟಿ, ಕೈ ಹಿಡಿದು ಹಸೆಮಣೆಗೆ ಕರೆತರುವುದು ಸೋದರಮಾವನ ಹಕ್ಕು. ಅದನ್ನು ಯಾವ ಮುದುಕನೂ ನಕ್ಕು ಕಿತ್ತುಕೊಳ್ಳುವಂತಿಲ್ಲ. ರೇಷ್ಮೆ ಪಂಚೆ ಉಟ್ಟು, ಪೇಟ ಸುತ್ತಿಕೊಂಡು, ಓಲಗದ ನಡುವೆ ಇಡೀ ಕುಣಿಗಲ್ಲಿನ ಮುಂದೆ ತಾನು ನಡೆದು ಬರುವುದನ್ನು ಅವನು ಎಷ್ಟೋ ಸಲ ಕಣ್ಣು ಮುಚ್ಚಿ ನೋಡಿಕೊಂಡಿದ್ದ. ಇನ್ನೂ ಒಂದು ಮಾತಿದೆ, ಇಂಥವನ ಬಗ್ಗೆ ಅದನ್ನು ಹೇಳಲು ಮನಸ್ಸಾಗುವುದಿಲ್ಲ. ಆ ಹುಡುಗಿಯೆಂದರೆ ಅವನಿಗೆ ಪ್ರಾಣ. ಅವಳು ಚಿಕ್ಕವಳಿದ್ದಾಗ ಕುಣಿಗಲ್ಲಿಗೆ ಹೋದಾಗೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ಕುದುರೆ ಫಾರಂನ ಬೇಲಿಯವರೆಗೂ ನಡೆದು ಹೋಗಿ ಕುದುರೆ ತೋರಿಸುತ್ತಿದ್ದ. ಲೋಕದಲ್ಲಿ ಅವನು ‘ತೂ’ ಅನ್ನದೆ ಮಾತಾಡಿಸುತ್ತಿದ್ದದ್ದು ಅವಳೊಬ್ಬಳನ್ನೇ.

ಮದುವೆಯ ಹಿಂದಿನ ದಿನ ತುಮಕೂರಿನ ಮಂಡಿಪೇಟೆಗೆ ಹೋಗಿ, ಅಂಗಡಿ ಅಂಗಡಿ ಹತ್ತಿಳಿದು, ಮೂವರು ಅಂಗಡಿಯವರ ಜೊತೆ ಜಗಳವಾಡಿ, ಮುತ್ತಿನ ಕುಚ್ಚಿನ ಒಳ್ಳೆಯ ಬಾಸಿಂಗ ತಂದ. ಅದು ಒಂದು ರಟ್ಟಿನ ಡಬ್ಬದಲ್ಲಿತ್ತು. ವಾಪಸು ಬರುವಾಗ ಅವನ ಹಳೆಯ ವ್ಯಾನು ಮಿಸ್ಸಿಂಗ್ ಹೊಡೆಯತೊಡಗಿತು. ಗೇರು ಹಾಕಿದರೆ ಎಳೆಯದು, ಎಳೆದರೆ ಕುಲುಕಿ ಕುಲುಕಿ ಎಳೆಯುವುದು. ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗು ಹೋಗಿರಬೇಕೆಂದು ತುಮಕೂರು ದಾಟುವ ಮೊದಲೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮೂರು ಹೊಸ ಪ್ಲಗ್ಗು ಕೊಂಡ. ಪಕ್ಕದಲ್ಲೇ ಗ್ಯಾರೇಜಿತ್ತು. ಗುಂಡಯ್ಯ ಅದರ ಕಡೆ ನೋಡಿ ಮೂಗಿನ ಹೊಳ್ಳೆ ಅಗಲಿಸಿ ಮುಂದೆ ಹೋದ.

ಆ ಸಂಜೆ ಕುಣಿಗಲ್ಲಿನ ಛತ್ರದಲ್ಲಿ ಆರತಕ್ಷತೆ. ಹನುಮಕ್ಕ ಮಧ್ಯಾಹ್ನದಿಂದ ಸೀರೆ ಉಟ್ಟು ಕೂತಿದ್ದಳು. ಗುಂಡಯ್ಯ ಒಪ್ಪಲಿಲ್ಲ. “ನಿಂತ್ಕೊಂಡು ಕ್ಯಾಮೆರಾಗೆ ಹಲ್ಲು ಕಿರಿಯೋಕೆ ನಾನು ಬರಲ್ಲ. ನಂದೇನಿದ್ರೂ ಶಾಸ್ತ್ರದ ಕೆಲ್ಸ. ನಾಳೆ ಬೆಳಿಗ್ಗೆ ಹೋದ್ರೆ ಸಾಕು.” ರಾತ್ರಿ ಸುಶ್ಮಿತಾಳೇ ಫೋನ್ ಮಾಡಿದಳು. “ಮಾವ, ನಾಳೆ ವ್ಯಾನು ಗೀನು ಅಂತ ಕೂತ್ಕೋಬೇಡ. ಬಸ್ಸಿಗೆ ಬಂದ್ಬುಡು. ಹತ್ತೂವರೆ ಒಳ್ಗೆ ಧಾರೆ.” ಗುಂಡಯ್ಯ ನಕ್ಕ. “ಸೋದರಮಾವ ಬಸ್ಸಲ್ಲಿ ನೇತಾಡ್ಕೊಂಡ್ ಬರ್ಬೇಕೇನೆ ನಿನ್ ಮದ್ವೆಗೆ? ವ್ಯಾನಲ್ಲೇ ಇಳೀತೀನಿ, ನೋಡ್ತಿರು.”

ಬೆಳಕು ಹರಿಯುವ ಹೊತ್ತಿಗೆ ಅವನು ಅಂಗಳದಲ್ಲಿ ವ್ಯಾನಿನ ಮುಂದಿನ ಸೀಟೆತ್ತಿ ಕೂತಿದ್ದ. ಈ ವ್ಯಾನಿಗೆ ಇಂಜಿನ್ನಿರುವುದು ಸೀಟಿನ ಕೆಳಗೆ. ಮೂರು ಪ್ಲಗ್ಗುಗಳ ವೈರು ಕಿತ್ತು, ಉದ್ದ ಸ್ಪ್ಯಾನರ್ ಹಾಕಿ ಹಳೆಯವನ್ನು ಬಿಚ್ಚಿದ. ಇಲ್ಲಿಯವರೆಗೆ ಸರಿಯೇ. ಗೊತ್ತಿದ್ದವರು ಹೊಸವನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಸ್ಪ್ಯಾನರಿನಿಂದ ಒಂದಿಷ್ಟು ಬಿಗಿ ಮಾಡಿ, ವೈರು ಸಿಕ್ಕಿಸಿ, ಸ್ನಾನಕ್ಕೆ ಹೋಗುತ್ತಾರೆ. ಗುಂಡಯ್ಯ ಹಾಗೆ ಮಾಡಿದರೆ ಅವನು ಗುಂಡಯ್ಯನೇ?

ಹೊಸ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದ. ಬುಡದಲ್ಲಿ ಥ್ರೆಡ್ಡು, ಥ್ರೆಡ್ಡಿನ ಮೇಲೆ ತೆಳ್ಳನೆಯದೊಂದು ತಗಡಿನ ವಾಷರ್ರು. ಥೇಟ್ ನಲ್ಲಿಯ ಹಾಗೆ. ಅವನ ತಲೆಯಲ್ಲಿ ದೀಪ ಹತ್ತಿತು. ವ್ಯಾನು ಎಳೆಯುತ್ತಿಲ್ಲ ಎಂದರೆ ಒಳಗಿನ ಗಾಳಿ ಎಲ್ಲೋ ಸೋರುತ್ತಿದೆ. ಸೋರುವುದು ಥ್ರೆಡ್ಡಿನಲ್ಲಲ್ಲದೆ ಇನ್ನೆಲ್ಲಿ? ಕಂಪನಿಯವರು ಬುದ್ಧಿಯಿಲ್ಲದೆ ತಗಡಿನ ವಾಷರ್ ಹಾಕಿ ಕಳಿಸಿದ್ದಾರೆ! ‘ತೂ’ ಎಂದು, ಇಕ್ಕಳದಿಂದ ಆ ವಾಷರನ್ನು ಕಿತ್ತು ಮಲ್ಲಿಗೆ ಗಿಡದ ಬುಡಕ್ಕೆ ಎಸೆದ. ಟ್ರಂಕಿನಿಂದ ರಬ್ಬರ್ ವಾಷರ್ ತಂದು ತೂರಿಸಿದ. ಅದರ ಕೆಳಗೆ ಥ್ರೆಡ್ಡಿನ ತುಂಬ ಬಿಳಿ ಟೇಪನ್ನು ಎಳೆದೆಳೆದು ದಪ್ಪಗೆ ಸುತ್ತಿದ. ಒಂದಕ್ಕಲ್ಲ, ಮೂರಕ್ಕೂ. ಕೆಲಸ ಮುಗಿದಾಗ ಪ್ಲಗ್ಗುಗಳು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡ ಬೆರಳಿನಂತೆ ಕಾಣುತ್ತಿದ್ದವು.

ಇದನ್ನೆಲ್ಲ ಕಾಂಪೌಂಡಿನ ಆಚೆಯಿಂದ ಹಲ್ಲುಜ್ಜುತ್ತ ನೋಡುತ್ತಿದ್ದವನು ಪಕ್ಕದ ಮನೆಯ ಅಂಜನ್‌ಕುಮಾರ್. ಬ್ಯಾಂಕಿನಲ್ಲಿ ಗುಮಾಸ್ತ, ಮದುವೆಯಾಗಿ ಹೊಸದಾಗಿ ಬಾಡಿಗೆಗೆ ಬಂದವನು. ವ್ಯಾನಿನ ಬಗ್ಗೆ ಅವನಿಗೂ ಏನೂ ಗೊತ್ತಿರಲಿಲ್ಲ. ಆದರೆ ಕೈಯಲ್ಲಿ ಫೋನಿತ್ತು.

“ಸಾರ್, ಈ ವಿಡಿಯೋದಲ್ಲಿ ಪ್ಲಗ್ ಹಾಕ್ತಾವ್ರೆ ನೋಡಿ. ಟೇಪ್ ಗೀಪ್ ಏನೂ ಸುತ್ತಲ್ಲ.”

ಗುಂಡಯ್ಯ ತಲೆ ಎತ್ತಲಿಲ್ಲ. “ಅದ್ಕೇ ಅವ್ರು ವಿಡಿಯೋ ಮಾಡ್ಕೊಂಡ್ ಬಿದ್ದವ್ರೆ. ಇಡೀ ಊರ್ನ ನೀರ್ನೇ ಕಟ್ಟಾಕ್ದೋನು ಕಣಯ್ಯ ನಾನು. ಗಾಳಿ ಯಾವ ಲೆಕ್ಕ?”

ಇಂಜಿನ್ನಿಗೂ ನಲ್ಲಿಗೂ ಇರುವ ವ್ಯತ್ಯಾಸ ಇಷ್ಟೇ. ನಲ್ಲಿಯಲ್ಲಿ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಏನಾದರೂ ಇರಬೇಕು, ಪ್ಲಗ್ಗಿನಲ್ಲಿ ಇರಬಾರದು. ಪ್ಲಗ್ಗಿನ ಲೋಹ ಇಂಜಿನ್ನಿನ ಲೋಹಕ್ಕೆ ತಾಗಿದರೆ ತಾನೇ ಕರೆಂಟು ಹರಿದು ಕಿಡಿ ಹಾರುವುದು? ಗುಂಡಯ್ಯ ಮಧ್ಯೆ ರಬ್ಬರ್ ಇಟ್ಟು, ಟೇಪು ಹೊದಿಸಿ, ಕರೆಂಟಿನ ದಾರಿಗೆ ಅಚ್ಚುಕಟ್ಟಾಗಿ ವಾಲ್ವು ಬಂದ್ ಮಾಡಿದ್ದ. ಜೀವಮಾನದಲ್ಲಿ ಅವನು ಒಂದು ಹನಿಯೂ ಒಸರದಂತೆ ಮಾಡಿದ ಕೆಲಸ ಇದೊಂದೇ ಇರಬೇಕು.

ಹನುಮಕ್ಕ ಹೊರಗೆ ಬಂದಳು. ಹಸಿರು ರೇಷ್ಮೆ ಸೀರೆ, ತಲೆಗೆ ಹೂವು, ಕೈಯಲ್ಲಿ ಬ್ಯಾಗು. ಅಂಗಳದಲ್ಲಿ ಹರಡಿದ್ದ ಸಾಮಾನನ್ನೂ, ಬನಿಯನ್ನಿನಲ್ಲಿ ಬಗ್ಗಿ ಕೂತ ಗಂಡನನ್ನೂ ನೋಡಿದಳು. ಆಶ್ಚರ್ಯಪಡುವ ಕಾಲ ಅವಳಿಗೆ ಎಂದೋ ಮುಗಿದಿತ್ತು. ತನ್ನ ತಮ್ಮನ ಗೃಹಪ್ರವೇಶಕ್ಕೆ ಹೊರಟ ದಿನ ಈತ ಬಚ್ಚಲಿನ ಗೀಸರ್ ಬಿಚ್ಚಿ ಕೂತದ್ದು, ಅಲ್ಲಿಗೆ ಹೋಗಿ ತಣ್ಣಗಿನ ಅನ್ನ ಉಂಡು ಬಂದದ್ದು ಅವಳ ನೆನಪಿನಲ್ಲಿತ್ತು.

“ನಾನು ಬಸ್ಸಿಗೆ ಹೋಯ್ತೀನಿ ಕಣ್ರೀ. ತುಮ್ಕೂರಿಗೆ ಹೋದ್ರೆ ಅಲ್ಲಿಂದ ಕುಣಿಗಲ್‌ಗೆ ಬೇಕಾದಷ್ಟು ಬಸ್ಸವೆ. ನೀವೂ ಕೈ ತೊಳ್ಕೊಂಡು ಬನ್ನಿ.”

“ಅರ್ಧ ಗಂಟೆ ಕೆಲ್ಸ ಕಣೇ. ನಿನ್ ಬಸ್ಸು ಹೆಬ್ಬೂರಲ್ಲಿ ಜನ ಹತ್ತುಸ್ತಿರ್ತದೆ, ನಾನು ಹಿಂದಿಂದ ಬಂದು ಹಾರನ್ ಹೊಡೀತೀನಿ.”

“ಹೋಗ್ಲಿ, ಬಾಸಿಂಗನಾದ್ರೂ ಕೊಡಿ. ನನ್ ಕೈಲಿ ಇರ್ಲಿ.”

ಇದು ಕೇಳಬಹುದಾದ ಮಾತೇ. ಹೆಂಡತಿಯ ಮಾತು ಕೇಳಿದ್ದರೆ ಕಡೇಪಕ್ಷ ಅವನು ತಂದ ಬಾಸಿಂಗವಾದರೂ ಹುಡುಗಿಯ ಹಣೆ ಸೇರುತ್ತಿತ್ತು. ಗುಂಡಯ್ಯ ಗ್ರೀಸಿನ ಕೈಯನ್ನು ಅಡ್ಡ ಹಿಡಿದ. “ಸೋದರಮಾವನ ಬಾಸಿಂಗ ಬಸ್ಸಲ್ಲಿ ಕಂಡೋರ ತೊಡೆ ಮೇಲೆ ಹೋಗೋ ಸಾಮಾನಲ್ಲ. ಸುಮ್ನೆ ಹೋಗು ನೀನು.” ಹನುಮಕ್ಕ ಗೇಟು ತೆಗೆದು ನಡೆದಳು.

ಅವನು ಸೀಟು ಮುಚ್ಚಿ, ಸ್ನಾನ ಮಾಡಿ, ರೇಷ್ಮೆ ಪಂಚೆ ಉಟ್ಟು, ಪೇಟವನ್ನು ಹಿಂದಿನ ಸೀಟಿನಲ್ಲಿಟ್ಟು, ಡಬ್ಬವನ್ನು ಅದರ ಪಕ್ಕ ಇಟ್ಟು, ಕೀ ತಿರುಗಿಸಿದ. ವ್ಯಾನು ಕರ್ರ್ ಕರ್ರ್ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದ. ಅದೇ. ಆಕ್ಸಿಲರೇಟರ್ ತುಳಿದು ತುಳಿದು ತಿರುಗಿಸಿದ. ಪೆಟ್ರೋಲ್ ವಾಸನೆ ಅಂಗಳವೆಲ್ಲ ತುಂಬಿತೇ ಹೊರತು ಇಂಜಿನ್ನು ಒಂದು ಸಲವೂ ಉಸಿರಾಡಲಿಲ್ಲ. ನಿನ್ನೆ ಕುಲುಕಿಕೊಂಡಾದರೂ ಓಡುತ್ತಿದ್ದ ಗಾಡಿ ಇವನ ವೈದ್ಯದಿಂದ ಪೂರ್ತಿ ಕಣ್ಣು ಮುಚ್ಚಿತ್ತು.

ಬೈಯುವುದು ಶುರುವಾಯಿತು. ಮೊದಲು ಪೆಟ್ರೋಲ್ ಬಂಕಿನವನಿಗೆ, ಕಲಬೆರಕೆ ಹಾಕಿದ್ದಕ್ಕೆ. ಆಮೇಲೆ ಬ್ಯಾಟರಿಯವನಿಗೆ. ಆಮೇಲೆ ವ್ಯಾನು ಮಾರಿದವನ ವಂಶಕ್ಕೆ. ಪಂಚೆ ಎತ್ತಿ ಕಟ್ಟಿ ಮತ್ತೆ ಸೀಟೆತ್ತಿದ, ವೈರು ಕಿತ್ತು ಸಿಕ್ಕಿಸಿದ, ಪ್ಲಗ್ಗುಗಳನ್ನು ಬಿಚ್ಚಿ ನೋಡಿದ. ಟೇಪು ಸಡಿಲವಾಗಿರಬೇಕೆಂದು ಮೇಲೆ ಇನ್ನಷ್ಟು ಟೇಪು ಸುತ್ತಿದ! ಕೂರಿಸಿ, ಸೀಟು ಮುಚ್ಚಿ, ಕೀ ತಿರುಗಿಸಿದ. ಕರ್ರ್ ಎನ್ನುವ ಸದ್ದೂ ಈಗ ಸೋತಿತ್ತು. ಪಂಚೆಯ ಅಂಚಿಗೆ ಅಂಗೈಯಗಲ ಗ್ರೀಸು ಮೆತ್ತಿಕೊಂಡಿತ್ತು.

ಅಂಜನ್‌ಕುಮಾರ್ ಬ್ಯಾಂಕಿಗೆ ಹೊರಟು ನಿಂತಿದ್ದವನು ಹತ್ತಿರ ಬಂದ. “ಸಾರ್, ಟೈಮಾಗೋಯ್ತು. ಬನ್ನಿ, ಬೈಕಲ್ಲಿ ತುಮಕೂರು ಬಸ್‌ಸ್ಟಾಂಡಿಗೆ ಬಿಟ್ಬುಡ್ತೀನಿ. ಈಗ ಹೊರಟ್ರೂ ಸಿಗ್ತದೆ.”

ಗುಂಡಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಬಾಸಿಂಗದ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಪೇಟ ಗಾಳಿಗೆ ಹಾರದಂತೆ ಹಿಡಿದುಕೊಂಡು, ಈ ಎಳೆ ಮೀಸೆಯವನ ಬೆನ್ನಿಗಂಟಿ ಕುಣಿಗಲ್ ಕಡೆಗೆ ಹೊರಡುವುದೇ? ಅಲ್ಲಿ ಬಸ್ಸಿನಿಂದಿಳಿದು ಛತ್ರಕ್ಕೆ ನಡೆದು ಬಂದರೆ, ಆ ಮುದುಕರ ಮಕ್ಕಳು ಬಾಗಿಲಲ್ಲೇ ನಿಂತಿರುವುದಿಲ್ಲವೇ? ‘ನಲ್ಲಿ ತಿರುಗಿಸೋನು ಬಂದ’ ಎನ್ನುವುದಿಲ್ಲವೇ? “ನೀನು ಹೋಗಯ್ಯ, ನಿನ್ ಬ್ಯಾಂಕ್ ಮುಳುಗೋದಾತು” ಎಂದ. ಹೋಗಬೇಕಾದ ಹೊತ್ತು ಅದೇ ಆಗಿತ್ತು. ಅದು ಅವನಿಗೂ ಗೊತ್ತಿತ್ತು. ಆದರೂ ಸ್ಪ್ಯಾನರ್ ಕೆಳಗಿಡಲಿಲ್ಲ.

ಫೋನು ಹೊಡೆದುಕೊಂಡಿತು. ಹನುಮಕ್ಕ. ಹಿಂದೆ ಓಲಗದವರು ಶ್ರುತಿ ಕೂಡಿಸುತ್ತಿರುವುದು ಕೇಳಿಸುತ್ತಿತ್ತು.

“ಎಲ್ಲಿದೀರಿ?”

“ಹೆಬ್ಬೂರು ದಾಟ್ದೆ. ಬಂದೆ, ಬಂದೆ.”

ಪಾಪ, ಅಂಜನ್‌ಕುಮಾರನಿಗೇನು ಗೊತ್ತು? ಬ್ಯಾಂಕಿಗೆ ಹೋಗದೆ ಅಲ್ಲೇ ನಿಂತಿದ್ದ ಅವನು ಪಕ್ಕದಿಂದಲೇ, “ಸಾರ್, ಇನ್ನೊಂದ್ ಸಲ ಸೆಲ್ಫ್ ಹೊಡ್ದು ನೋಡಿ” ಎಂದು ಕೂಗಿದ. ಫೋನಿನ ಆ ಕಡೆಗೂ ಅದು ಕೇಳಿಸಿತು. ಆಮೇಲೆ ಹನುಮಕ್ಕ, “ಸರಿ” ಎಂದಳು. ಅಷ್ಟೇ ಹೇಳಿ ಫೋನಿಟ್ಟಳು.

ಆ ‘ಸರಿ’ ಕೇಳಿ ಗುಂಡಯ್ಯನ ಕೋಪ ನೆತ್ತಿಗೇರಿತು. ಪ್ಲಗ್ಗುಗಳೇ ಡೂಪ್ಲಿಕೇಟು! ಹೊಳೆದೇ ಇರಲಿಲ್ಲವಲ್ಲ! ತುಮಕೂರಿನ ಆ ಅಂಗಡಿಯವನ ಮುಖ ನೋಡಿದಾಗಲೇ ತನಗೆ ಗೊತ್ತಾಗಬೇಕಿತ್ತು. ಅವನ ಮೋಸವನ್ನು ಅಂಜನ್‌ಕುಮಾರನ ಕಣ್ಣೆದುರೇ ರುಜುವಾತು ಮಾಡಲು ಹೊಸ ಪ್ಲಗ್ಗುಗಳನ್ನು ಬಿಚ್ಚಿ ಎಸೆದು, ಹಳೆಯವನ್ನು ತಂದು, ಸಿಟ್ಟಿನಲ್ಲಿ ಟೇಪನ್ನೂ ಮರೆತು, ಇದ್ದ ಹಾಗೇ ತಿರುಗಿಸಿ ಕೂರಿಸಿದ. ಬ್ಯಾಟರಿ ಸೋತಿದ್ದರಿಂದ ಅಂಜನ್‌ಕುಮಾರ್ ಇಸ್ತ್ರಿ ಬಟ್ಟೆಯಲ್ಲೇ ಹಿಂದಿನಿಂದ ತಳ್ಳಬೇಕಾಯಿತು. ಬೀದಿಯ ತಿರುವಿನಲ್ಲಿ ವ್ಯಾನು ಕೆಮ್ಮಿತು, ಕುಲುಕಿತು, ಹೊಗೆಯುಗುಳಿ ಹೊರಟಿತು.

“ನೋಡ್ದಾ! ಹೇಳ್ಲಿಲ್ವಾ, ಡೂಪ್ಲಿಕೇಟು!” ಎಂದು ಕಿಟಕಿಯಿಂದ ಕೂಗಿದ ಗುಂಡಯ್ಯ. ತಳ್ಳಿದವನಿಗೆ ಒಂದು ಒಳ್ಳೆಯ ಮಾತಿಲ್ಲ. ಮಲ್ಲಿಗೆ ಗಿಡದ ಬುಡದಲ್ಲಿ ಹೊಚ್ಚಹೊಸ ಪ್ಲಗ್ಗುಗಳು ಪಟ್ಟಿ ಸುತ್ತಿಕೊಂಡು ಬಿದ್ದಿದ್ದವು. ಬೆಳಿಗ್ಗೆ ಎದ್ದು ಏನನ್ನೂ ಮುಟ್ಟದೆ ಹೊರಟಿದ್ದರೂ ಈ ಗಾಡಿ ಹೀಗೇ ಕುಲುಕುತ್ತ ಓಡುತ್ತಿತ್ತು. ಕುಣಿಗಲ್ಲಿನಲ್ಲಿ ತಿಂಡಿ ತಿಂದು, ಪೇಟ ಸುತ್ತಿಕೊಂಡು, ಕನ್ನಡಿ ನೋಡಿಕೊಳ್ಳುವಷ್ಟು ಹೊತ್ತು ಸಿಗುತ್ತಿತ್ತು. ಇದು ಅವನಿಗೆ ಹೊಳೆಯಲಿಲ್ಲ, ಮುಂದೆಂದೂ ಹೊಳೆಯುವುದೂ ಇಲ್ಲ.

ದಾರಿಯುದ್ದಕ್ಕೂ ವ್ಯಾನು ಎಗರಿ ಎಗರಿ ಓಡಿತು. ತುಮಕೂರಿನ ಸಿಗ್ನಲ್ಲಿನಲ್ಲಿ ನಿಂತುಹೋಗದಂತೆ ಆಕ್ಸಿಲರೇಟರ್ ತುಳಿಯುತ್ತಲೇ ಇರಬೇಕಾಯಿತು. ಹೆಬ್ಬೂರು ನಿಜವಾಗಿ ದಾಟಿದಾಗ ಹತ್ತೂವರೆ ಕಳೆದು ಎಷ್ಟೋ ಹೊತ್ತಾಗಿತ್ತು. ಗುಂಡಯ್ಯ ಗಡಿಯಾರ ನೋಡುವುದನ್ನು ಬಿಟ್ಟು ಬೇರೆ ಲೆಕ್ಕ ಹಾಕುತ್ತಿದ್ದ. ಮುಹೂರ್ತ ಎಂದಾದರೂ ಹೇಳಿದ ಹೊತ್ತಿಗೆ ಆದದ್ದುಂಟೇ? ಪುರೋಹಿತರು ಮೈಕಿನಲ್ಲಿ ಎಳೆಯುತ್ತಾರೆ, ಫೋಟೋದವರು ತಡೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸೋದರಮಾವ ಇಲ್ಲದೆ ಹುಡುಗಿ ಕೋಣೆಯಿಂದ ಹೊರಗೆ ಹೇಗೆ ಬಂದಾಳು? ಕಾಯುತ್ತಾರೆ. ಕಾಯಲೇಬೇಕು. ನೀರಿಗಾಗಿ ಜನ ಕಾಯುವುದನ್ನು ಅವನು ನೋಡಿದ್ದ, ಮದುವೆಯೂ ಹಾಗೇ ಕಾಯುತ್ತದೆ ಎಂದುಕೊಂಡಿದ್ದ.

ಛತ್ರದ ಮುಂದೆ ವ್ಯಾನು ನಿಲ್ಲಿಸಿ, ಪೇಟ ತಲೆಗೇರಿಸಿ, ಡಬ್ಬ ಎದೆಗವಚಿಕೊಂಡು ಒಳಗೆ ನುಗ್ಗಿದ. ಓಲಗ ಜೋರಾಗಿ ಮೊಳಗುತ್ತಿತ್ತು. ಆದರೆ ಅದು ಹುಡುಗಿಯನ್ನು ಕರೆತರುವ ಓಲಗವಾಗಿರಲಿಲ್ಲ. ಜನ ಅಕ್ಷತೆ ಹಾಕಿ ಸಾಲಾಗಿ ಊಟದ ಹಾಲಿನ ಕಡೆ ಇಳಿಯುತ್ತಿದ್ದರು. ಮಂಟಪದಲ್ಲಿ ಸುಶ್ಮಿತಾ ಗಂಡನ ಪಕ್ಕ ನಿಂತಿದ್ದಳು. ಕೊರಳಲ್ಲಿ ತಾಳಿ, ಹಣೆಯ ಮೇಲೆ ಬಾಸಿಂಗ. ಅವಳ ಹಿಂದೆ, ಹೊಸ ಶಲ್ಯ ಹೊದ್ದು ಪೇಟ ಸುತ್ತಿಕೊಂಡು ನಿಂತವನು ರಂಗನಾಥ್.

ಈ ರಂಗನಾಥ್ ಗುಂಡಯ್ಯನ ಚಿಕ್ಕಪ್ಪನ ಮಗ. ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಫ್ಯೂಸು ಹೋದರೆ ಲೈನ್‌ಮನ್ನಿಗೆ ಫೋನ್ ಮಾಡುವ, ಸ್ಕೂಟರ್ ಪಂಚರಾದರೆ ತಳ್ಳಿಕೊಂಡು ಹೋಗುವ ಮನುಷ್ಯ. ಸ್ಕ್ರೂ ಯಾವ ಕಡೆ ತಿರುಗುತ್ತದೆಂದೂ ಅವನಿಗೆ ಗೊತ್ತಿಲ್ಲ. ಗುಂಡಯ್ಯ ಎಷ್ಟೋ ಸಲ ನೆಂಟರೆದುರೇ, “ಇವ್ನು ಗಂಡ್ಸೇನ್ರೋ?” ಎಂದು ಆಡಿಕೊಂಡಿದ್ದ. ಅವನು ನಕ್ಕು ಸುಮ್ಮನಿರುತ್ತಿದ್ದ. ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ, ಕರೆದ ಹೊತ್ತಿಗೆ ಬಂದು ನಿಲ್ಲುವುದು.

ಸುಶ್ಮಿತಾ ಮಾವನನ್ನು ನೋಡಿದಳು. ಕಣ್ಣು ತುಂಬಿ ಬಂತೋ, ಹೋಮದ ಹೊಗೆಯೋ, ದೂರದಿಂದ ತಿಳಿಯಲಿಲ್ಲ. ಅಷ್ಟರಲ್ಲಿ ಫೋಟೋದವನು ಅವಳ ಗಲ್ಲ ಎತ್ತಿ ಕ್ಯಾಮೆರಾ ಕಡೆ ತಿರುಗಿಸಿದ.

ನರಸಿಂಹಮ್ಮ ಬಂದು ಅಣ್ಣನ ತೋಳು ಹಿಡಿದಳು. “ಬಂದ್ಯಾ ಅಣ್ಣ. ನಡಿ, ಮ್ಯಾಲೆ ಹೋಗಿ ಅಕ್ಷತೆ ಹಾಕು.”

“ನಾನ್ ಬರೋ ಮುಂಚೆ ಹೆಂಗೆ ಕರ್ಕೊಂಡ್ ಬಂದ್ರಿ ಹುಡುಗೀನ?” ಗುಂಡಯ್ಯ ಡಬ್ಬವನ್ನು ಮುಂದೆ ಚಾಚಿದ. “ಬಾಸಿಂಗ ನನ್ ಕೈಲೈತೆ. ಹೆಬ್ಬೂರಲ್ಲಿದೀನಿ ಅಂತ ಹೇಳಿರ್ಲಿಲ್ವಾ?”

“ಅಂಗಳದಲ್ಲೇ ಅವ್ರೆ ಅಂತ ಅತ್ಗೆ ಹೇಳಿದ್ರು.” ನರಸಿಂಹಮ್ಮನ ಮಾತಿನಲ್ಲಿ ಕುಟುಕು ಇರಲಿಲ್ಲ, ಕೋಪವೂ ಇರಲಿಲ್ಲ. ಕೆಲಸದ ಮಧ್ಯೆ ಹೇಳುವ ಮಾತಿನಂತೆ ಹೇಳಿದಳು. “ಅವ್ರು ಹೇಳ್ದಿದ್ರೂ ಆಗ್ತಿತ್ತು ಬುಡು. ನಿನ್ನೆ ಸಂಜೆ ನೀನು ಬರ್ದೇ ಇದ್ದಾಗ್ಲೇ ರಂಗನಾಥನ್ನ ಇರ್ಸ್ಕೊಂಡೆ. ಶಲ್ಯ ಪೇಟ ತರ್ಸಿಟ್ಟೆ. ಇಲ್ಲೇ ಪ್ಯಾಟೇಲಿ ಇನ್ನೊಂದು ಬಾಸಿಂಗನೂ ತಗೊಂಡಿದ್ದೆ.”

“ನನ್ ಕೇಳ್ದೆನೇ?”

“ಸ್ಪೇರ್ ಇಟ್ಕೊಂಡಿರ್ಬೇಕು ಅಂತ ನೀನೇ ತಾನೆ ಅಣ್ಣ ಹೇಳ್ಕೊಟ್ಟಿದ್ದು?”

ಗುಂಡಯ್ಯನ ಕೈಯಲ್ಲಿದ್ದ ಡಬ್ಬದ ರಟ್ಟು ಬೆರಳಿನ ಒತ್ತಡಕ್ಕೆ ಒಳಕ್ಕೆ ಕುಸಿಯಿತು. ಆ ಹೊತ್ತಿನಲ್ಲಿ ಅವನನ್ನು ನೋಡಿದವರಿಗೆ ಅಯ್ಯೋ ಅನ್ನಿಸಿರಲಿಕ್ಕೂ ಸಾಕು. ಅನ್ನಿಸುವಷ್ಟರಲ್ಲಿ ಅವನು ಮಂಟಪದ ಕಡೆ ಕಣ್ಣು ಕಿರಿದು ಮಾಡಿ, ಬಾಯಿ ಬಿಟ್ಟ.

“ಓರೆಯಾಗೈತೆ ಬಾಸಿಂಗ. ದಾರ ಬಿಗಿಯೋಕೆ ಬರಲ್ಲ ಆ ರಂಗನಾಥಂಗೆ.”

ನರಸಿಂಹಮ್ಮ ಅವನ ತೋಳು ಬಿಟ್ಟಳು. “ಊಟ ಮಾಡ್ಕೊಂಡ್ ಹೋಗಣ್ಣ” ಎಂದು ಹೇಳಿ ಬೀಗರ ಕಡೆ ಹೋದಳು. ಎಲ್ಲ ನೆಂಟರಿಗೂ ಅವಳು ಹೇಳುತ್ತಿದ್ದದ್ದು ಅದನ್ನೇ.

ಹನುಮಕ್ಕ ಪಂಕ್ತಿಯಲ್ಲಿ ಹೆಂಗಸರ ಜೊತೆ ಕೂತಿದ್ದಳು. ಗಂಡನನ್ನು ಕಂಡರೂ ಜಾಗ ಸರಿದು ಕೊಡಲಿಲ್ಲ. ಗುಂಡಯ್ಯ ಕೊನೆಯ ಸಾಲಿನಲ್ಲಿ, ಗೊತ್ತಿಲ್ಲದ ಒಬ್ಬ ಯಜಮಾನರ ಪಕ್ಕ ಕೂತ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ, ಗ್ರೀಸಿನ ಕಲೆ ಅದರಿಂದ ಮುಚ್ಚಿತು. ಡಬ್ಬವನ್ನು ಕಾಲ ಬುಡಕ್ಕೆ ಸರಿಸಿದ. ಎಲೆಗೆ ಕೋಸಂಬರಿ ಬಿತ್ತು, ಪಲ್ಯ ಬಿತ್ತು, ಅನ್ನ ಬಿತ್ತು.

ಮೇಲಿನ ಮೈಕಿನಲ್ಲಿ ಫೋಟೋದವನ ದನಿ ಕೇಳಿಸಿತು. “ಹುಡುಗಿ ಸೋದರಮಾವ ಎಲ್ಲಿದ್ರೂ ಬೇಗ ಬರ್ಬೇಕು. ಫ್ಯಾಮಿಲಿ ಫೋಟೋ.”

ಗುಂಡಯ್ಯ ಧಡಕ್ಕನೆ ಎದ್ದ. ಬಲಗೈಯಲ್ಲಿ ಅನ್ನ ಸಾರು, ಎಡಗೈಯಲ್ಲಿ ಪೇಟ. ಆಚೆ ಸಾಲಿನಿಂದ ಯಾರೋ, “ಬಂದೆ, ಬಂದೆ” ಎಂದರು. ಅರ್ಧ ಊಟದಲ್ಲಿ ಎದ್ದು ಕೈ ತೊಳೆದುಕೊಂಡ ರಂಗನಾಥ್, ಶಲ್ಯ ಸರಿಪಡಿಸಿಕೊಳ್ಳುತ್ತ ಗುಂಡಯ್ಯನ ಪಕ್ಕದಲ್ಲೇ ಹಾದು, ಅವನನ್ನು ಗಮನಿಸದೆ ಮೆಟ್ಟಿಲು ಹತ್ತಿದ. ಗುಂಡಯ್ಯ ನಿಂತಿದ್ದವನು ನಿಧಾನವಾಗಿ ಮತ್ತೆ ಕೂತ.

“ಅವ್ರೇ ಏನು ಹುಡುಗಿ ಸೋದರಮಾವ? ಬೋ ಒಳ್ಳೇ ಮನುಷ್ಯ, ಬೆಳಿಗ್ಗಿಂದ ಓಡಾಡ್ತಾವ್ರೆ” ಎಂದರು ಪಕ್ಕದ ಯಜಮಾನರು. ಆಮೇಲೆ ಮಜ್ಜಿಗೆ ಲೋಟ ಕೆಳಗಿಟ್ಟು, ಮಾತಿಗೆ ಮಾತು ಬೇಕೆಂದು ಕೇಳಿದರು. “ತಾವು? ಹೆಣ್ಣಿನ ಕಡೆಯವ್ರಾ, ಗಂಡಿನ ಕಡೆಯವ್ರಾ?”

ಗುಂಡಯ್ಯ ಎಲೆ ನೋಡಿಕೊಂಡೇ, “ಗುಬ್ಬಿಯಿಂದ ಬಂದಿದ್ದೆ” ಎಂದ. ಸಾರಿನವನು ಮತ್ತೆ ಬಂದಾಗ ಸಾರು ಹರಿದು ಹೋಗದಂತೆ ಅನ್ನದ ನಡುವೆ ಗುಂಡಿ ಮಾಡಿದ.